ಇಳಿಯುವಾಗ ಅಂಟುವ ಮುಳ್ಳು

"ಆ ಆಲ್ಟಿಮೀಟರ್ ಕೊಟ್ಟಿದ್ದು ನಾನೇ ಮೇಡಂ. ಬರ್ಕೊಳ್ಳಿ."

ತನಿಖಾಧಿಕಾರಿ ಬರೆದುಕೊಳ್ಳಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟರು.

"ನೀವು ಮೂರನೆಯವರು, ಮೇಷ್ಟ್ರೇ."

ಗಣಿತದ ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸತೊಡಗಿದರು. ನಿವೃತ್ತರಾದ ಮೇಲೆ ಹಟ ಹಿಡಿದು ವಿಮಾನ ಹಾರಿಸಲು ಕಲಿತ ಮನುಷ್ಯ. ಸುಳ್ಳು ಹೇಳಲು ಮಾತ್ರ ಇನ್ನೂ ಕಲಿತಿರಲಿಲ್ಲ.

"ಮೂರನೆಯವನು ಅಂದ್ರೆ?"

"ಬೆಳಿಗ್ಗೆ ಹತ್ತಕ್ಕೆ ಬೇಕರಿಯವರು ಬಂದು ನಾನೇ ಕೊಟ್ಟೆ ಅಂದ್ರು. ಹನ್ನೊಂದೂವರೆಗೆ ವಕೀಲಮ್ಮ ಬಂದ್ರು. ಈಗ ನೀವು. ಇರೋದು ಒಂದೇ ಮೀಟರು."

"ಅವರಿಬ್ಬರೂ ಸುಮ್ನೆ ಹೇಳ್ತಿದ್ದಾರೆ."

"ಅವರೂ ಹಾಗೇ ಅಂದ್ರು. ಇರಲಿ, ಅದರಲ್ಲಿ ಎಷ್ಟು ಮುಳ್ಳಿತ್ತು?"

ಮೇಷ್ಟ್ರು ಚಾವಣಿ ನೋಡಿದರು. "ಎರಡು."

"ಮೂರು."

"ಹೌದು, ಮೂರು. ಒಂದು ಸಣ್ಣದು, ಕಣ್ಣಿಗೆ ಬೀಳಲ್ಲ."

ತನಿಖಾಧಿಕಾರಿಗೆ ನಗು ಬರಬೇಕಿತ್ತು. ಬರಲಿಲ್ಲ. ಹತ್ತೊಂಬತ್ತು ವರ್ಷಗಳಿಂದ ಬಿದ್ದ ವಿಮಾನಗಳ ಹಿಂದೆ ಅಲೆದ ಹೆಂಗಸು ಅವರು. ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವವರನ್ನೇ ನೋಡಿ ಅಭ್ಯಾಸ. ಹೀಗೆ ಸಾಲಾಗಿ ಬಂದು ನನ್ನ ತಲೆಗೆ ಕಟ್ಟಿ ಎನ್ನುವವರನ್ನು ಕಂಡಿರಲಿಲ್ಲ. ಇದು ಅದಕ್ಕಿಂತ ಹೆಚ್ಚು ಆಯಾಸದ ಕೆಲಸ.

ಒಂಬತ್ತು ದಿನದ ಹಿಂದೆ, ಭಾನುವಾರ, ಈ ಪುಟ್ಟ ಏರ್‌ಫೀಲ್ಡಿನ ಹಲ್ಲಿನ ಡಾಕ್ಟರು ಮೋಡದೊಳಗಿಂದ ಇಳಿಯುತ್ತ ತಮ್ಮ ಎರಡು ಸೀಟಿನ ವಿಮಾನವನ್ನು ಹಿಂದಿನ ಗುಡ್ಡಕ್ಕೆ ಬಡಿದು ಸತ್ತಿದ್ದರು. ಅವಶೇಷದಲ್ಲಿ ಸಿಕ್ಕ ಆಲ್ಟಿಮೀಟರ್, ಅಂದರೆ ವಿಮಾನ ಎಷ್ಟು ಎತ್ತರದಲ್ಲಿದೆ ಎಂದು ತೋರಿಸುವ ಡಯಲು, ವಿಚಿತ್ರವಾಗಿ ಕೆಟ್ಟಿತ್ತು. ನೆಲದ ಮೇಲೆ ಸರಿ. ಏರುವಾಗಲೂ ಸರಿ. ಇಳಿಯುವಾಗ ಮಾತ್ರ ಮುಳ್ಳು ಅಂಟಿಕೊಂಡು, ವಿಮಾನ ಇರುವುದಕ್ಕಿಂತ ನಾನೂರು ಅಡಿ ಮೇಲಿದೆ ಎಂದು ತೋರಿಸುತ್ತಿತ್ತು.

"ಮೇಷ್ಟ್ರೇ, ನೀವು ಮೂವರೂ ಕೂತು ಮಾತಾಡಿಕೊಂಡಿದ್ದೀರಿ. ಇನ್ನೊಂದು ಸ್ವಲ್ಪ ಸರಿಯಾಗಿ ಮಾತಾಡಿಕೊಳ್ಳಬೇಕಿತ್ತು. ಎಲ್ಲಿ ಸೇರಿದ್ರಿ?"

"ನಮ್ಮನೇಲಿ." ಮೇಷ್ಟ್ರ ದನಿ ಇಳಿಯಿತು. "ಹೋದ ಮಂಗಳವಾರ. ಕೇಳೋರು ಬಂದಾಗ ಒಬ್ಬೊಬ್ಬರೂ ನಾನೇ ಅನ್ನೋಣ, ಆಗ ಯಾರ ಮೇಲೂ ಬರಲ್ಲ ಅಂತ. ಮಾವನ ಮೇಲಂತೂ ಬರಲ್ಲ."

"ಯಾವ ಮಾವ?"

"ಗಡಿಯಾರದ ಮಾವ. ಹ್ಯಾಂಗರಿನ ಬೀರುವಿನಲ್ಲಿ ನಾವೆಲ್ಲ ಇಡೋ ಹಳೇ ಸಾಮಾನನ್ನ ಪರೀಕ್ಷೆ ಮಾಡೋರು. ಅವರ ಕೈ ನಡುಗುತ್ತೆ ಮೇಡಂ. ಕಣ್ಣೂ ಅಷ್ಟಕ್ಕಷ್ಟೇ. ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳಿಲ್ಲ. ಈ ವಯಸ್ಸಲ್ಲಿ ಆ ಮನುಷ್ಯನ್ನ ನೀನೊಬ್ಬನ್ನ ಕೊಂದೆ ಅಂದ್ರೆ ಬದುಕ್ತಾರಾ?"

ತನಿಖಾಧಿಕಾರಿ ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದರು.

"ಆಲ್ಟಿಮೀಟರ್ ಕೆಟ್ಟಿತ್ತು ಅಂತ ನಮ್ಮ ಆಫೀಸಿಗೇ ಗೊತ್ತಾಗಿದ್ದು ಶುಕ್ರವಾರ. ನಿಮಗೆ ಮಂಗಳವಾರವೇ ಹೇಗೆ ಗೊತ್ತಾಯ್ತು?"

ಮೇಷ್ಟ್ರು ಕನ್ನಡಕ ಹಾಕಿಕೊಂಡರು. ಮತ್ತೆ ತೆಗೆದರು.

"ಯಾರು ಹೇಳಿದ್ರು, ಮೇಷ್ಟ್ರೇ?"

"ನೆನಪಿಲ್ಲ."

ಈ ಸುಳ್ಳನ್ನು ಮಾತ್ರ ಅವರು ಚೆನ್ನಾಗಿ ಹೇಳಿದರು.

* * *

ವಿಮಾನ ನಿಲ್ಲಿಸುವ ಮೂರನೇ ಹ್ಯಾಂಗರಿನ ಮೂಲೆಯಲ್ಲಿ ಹಸಿರು ಬಣ್ಣದ ಕಬ್ಬಿಣದ ಬೀರು. ಅದಕ್ಕೆ ಬೀಗವಿರಲಿಲ್ಲ.

ತನಿಖಾಧಿಕಾರಿ ಅದರ ಮುಂದೆ ನಿಂತರು. ಒಳಗೆ ಹಳೇ ರೇಡಿಯೋಗಳು, ದಿಕ್ಸೂಚಿಗಳು, ಹೆಡ್‌ಸೆಟ್ಟುಗಳು, ಗಾಜು ಮಬ್ಬಾದ ಡಯಲುಗಳು. ಪ್ರತಿಯೊಂದಕ್ಕೂ ದಾರದಲ್ಲಿ ಕಟ್ಟಿದ ರಟ್ಟಿನ ಚೀಟಿ. ಯಾರು ಇಟ್ಟರು, ಯಾವಾಗ ಪರೀಕ್ಷೆ ಆಯಿತು, ಅಷ್ಟೇ. ಹೊಸದು ಕೊಂಡವರು ಹಳೆಯದನ್ನು ಇಲ್ಲಿಡುತ್ತಿದ್ದರು. ಬೇಕಾದವರು ಒಯ್ಯುತ್ತಿದ್ದರು. ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ.

ಬೇಕರಿಯವರ ರೇಡಿಯೋ ಮೇಷ್ಟ್ರ ವಿಮಾನದಲ್ಲಿ ಮಾತಾಡುತ್ತಿತ್ತು. ಮೇಷ್ಟ್ರ ಹಳೇ ದಿಕ್ಸೂಚಿ ವಕೀಲಮ್ಮನ ವಿಮಾನಕ್ಕೆ ದಾರಿ ತೋರಿಸುತ್ತಿತ್ತು. ಬಿಡಿಭಾಗ ಸಿಗದೆ ಶೆಡ್ಡಿನಲ್ಲೇ ತುಕ್ಕು ಹಿಡಿಯಬೇಕಿದ್ದ ಹನ್ನೊಂದು ವಿಮಾನಗಳು ಈ ಬೀರುವಿನ ದಯೆಯಿಂದ ಹಾರುತ್ತಿದ್ದವು. ಎಲ್ಲರಿಗಿಂತ ಹೆಚ್ಚು ಚೀಟಿ ಡಾಕ್ಟರದ್ದು. ಈ ಏರ್‌ಫೀಲ್ಡಿನಲ್ಲಿ ಅವರಿಂದ ಏನನ್ನೂ ಪಡೆಯದವರೇ ಇರಲಿಲ್ಲ. ಅರ್ಧ ಜನರ ಬಾಯಲ್ಲಿ ಅವರು ಪುಕ್ಕಟೆ ತುಂಬಿಕೊಟ್ಟ ಹಲ್ಲಿತ್ತು.

ಫೋನು ಗುಂಯ್‌ಗುಟ್ಟಿತು. ಗಂಡನ ಸಂದೇಶ. ಬಟ್ಟೆ ಒಗೆಯುವ ಯಂತ್ರದ ಕೆಳಗೆ ನೀರಿನ ಕೆರೆ, ಅದರ ಫೋಟೋ. "ಸೋರ್ತಿದೆ. ಏನು ಮಾಡ್ಲಿ?"

"ನಲ್ಲಿ ಮುಚ್ಚಿ" ಎಂದು ಬರೆದು ಫೋನನ್ನು ಜೇಬಿಗೆ ಹಾಕಿಕೊಂಡರು. ಮೊಣಕಾಲು ನೋಯುತ್ತಿತ್ತು.

ಬೀರುವಿನ ಪಕ್ಕದ ಕೋಣೆಯೇ ಗಡಿಯಾರದ ಮಾವನದು.

ಬಾಗಿಲ ಹತ್ತಿರ ಮಾವನ ಮಗಳು ಪೆಟ್ರೋಲಿನ ಪಂಪಿನ ಕೀಲಿ ಹಿಡಿದು ನಿಂತಿದ್ದಳು. ಮೂವತ್ತೈದರ ಹೆಂಗಸು. ವಿಮಾನಗಳಿಗೆ ಇಂಧನ ತುಂಬುವುದು, ಬೀರುವಿನ ಚೀಟಿ ಬರೆಯುವುದು, ಅಪ್ಪನಿಗೆ ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವುದು, ಎಲ್ಲ ಅವಳದೇ.

"ಕಾಲು ಎಳೀತಿದ್ದೀರಿ ಮೇಡಂ. ಒಳಗಿರೋ ಎತ್ತರದ ಸ್ಟೂಲ್ ತಗೊಳ್ಳಿ, ಮಂಡಿ ಮಡಚೋದು ತಪ್ಪುತ್ತೆ" ಎಂದಳು. ಮುಖ ಕೊಟ್ಟು ಮಾತಾಡಲಿಲ್ಲ. ಪಂಪಿನ ಕಡೆ ಹೋದಳು.

* * *

ಮಾವ ಬೆಂಚಿನ ಮುಂದೆ ಕೂತಿದ್ದರು. ಹಣೆಯ ಮೇಲೆ ಭೂತಗನ್ನಡಿಯ ಪಟ್ಟಿ. ವಿಮಾನದ ಡಯಲುಗಳಿಗೆ ಬರುವ ಮುಂಚೆ ಮೂವತ್ತು ವರ್ಷ ಕೈಗಡಿಯಾರ ರಿಪೇರಿ ಮಾಡಿದವರು. ಹೆಸರು ಹಾಗೇ ಅಂಟಿಕೊಂಡಿತ್ತು.

ಅವರ ಕೈ ನಡುಗುತ್ತಿತ್ತು. ಚಿಮಟ ಎತ್ತಿದಾಗ ಅದರ ತುದಿ ಗಾಳಿಯಲ್ಲಿ ಅಕ್ಷರ ಬರೆಯುವಂತೆ ಅಲ್ಲಾಡಿತು. ಆದರೆ ಅದು ಬೆಂಚಿನ ಮೇಲಿದ್ದ ಕೂದಲೆಳೆಯಷ್ಟು ಸಣ್ಣ ಸ್ಪ್ರಿಂಗನ್ನು ಮುಟ್ಟಿದ್ದೇ ತಡ, ನಡುಕ ನಿಂತಿತು. ಸ್ಪ್ರಿಂಗು ತನ್ನ ಜಾಗದಲ್ಲಿ ಕೂತಿತು. ಕೈ ಮೇಲೆದ್ದಾಗ ಮತ್ತೆ ನಡುಕ.

ತನಿಖಾಧಿಕಾರಿ ಅದನ್ನು ನೋಡಿದರು. ಸ್ಟೂಲ್ ಎಳೆದುಕೊಂಡು ಕೂತು, ಚೀಲದಿಂದ ಸಾಕ್ಷ್ಯದ ಪೊಟ್ಟಣ ತೆಗೆದು ಬೆಂಚಿನ ಮೇಲಿಟ್ಟರು.

"ಇದನ್ನ ಗುರುತು ಹಿಡೀತೀರಾ?"

ಮಾವ ಭೂತಗನ್ನಡಿ ಕಣ್ಣಿಗಿಳಿಸಿದರು. ಗಾಜು ಒಡೆದ ಆಲ್ಟಿಮೀಟರನ್ನು ಎರಡು ಕೈಯಲ್ಲಿ ಎತ್ತಿಕೊಂಡರು. ತಿರುಗಿಸಿದರು. ಹಿಂದಿನ ಮುಚ್ಚಳ ಬಿಚ್ಚಿ ಒಳಭಾಗವನ್ನು ಬೆಳಕಿಗೆ ಹಿಡಿದರು.

ಮುಚ್ಚಳದ ಒಳಗಿನ ಸಣ್ಣ ಗೀರುಗಳ ಮೇಲೆ ಬೆರಳಾಡಿಸಿದರು.

"ನಮ್ಮ ಪರೀಕ್ಷೆಯವರು ಅವನ್ನ ಹಳೇ ಗೀರು ಅಂದ್ಕೊಂಡ್ರು" ಎಂದರು ತನಿಖಾಧಿಕಾರಿ. "ನನ್ನ ತಾತನ ಗಡಿಯಾರದ ಮುಚ್ಚಳದ ಒಳಗೂ ಹೀಗೇ ಇತ್ತು. ರಿಪೇರಿಯವರು ತಮಗೋಸ್ಕರ ಹಾಕ್ಕೊಳ್ಳೋ ಗುರುತು, ಅಲ್ವಾ?"

"ಹೌದು. ಸೂಜಿಯಿಂದ ಗೀರ್ತೀವಿ. ತಾರೀಕು, ಪಕ್ಕದಲ್ಲಿ ಗುರುತು. ಸರಿಯಿದ್ರೆ ಸೊನ್ನೆ."

"ಇದರಲ್ಲಿ ಸೊನ್ನೆ ಇಲ್ಲ."

"ಇಲ್ಲ. ಅಡ್ಡಗೀಟಿದೆ. ನಾನೇ ಹಾಕಿದ್ದು, ನಾಲ್ಕು ತಿಂಗಳ ಹಿಂದೆ. ಮುಳ್ಳು ಇಳಿಯುವಾಗ ಅಂಟುತ್ತೆ, ಇದು ಹಾರೋಕೆ ಲಾಯಕ್ಕಿಲ್ಲ ಅಂತ. ಕೆಳಗಿನ ಡ್ರಾಯರಿಗೆ ಹಾಕಿದೆ. ಅಲ್ಲಿರೋದೆಲ್ಲ ಗುಜರಿ. ಬೀರುವಿಗೆ ಹೋಗಲ್ಲ."

"ಅಂದ್ರೆ ಇದನ್ನ ನೀವು ಪಾಸು ಮಾಡಲಿಲ್ಲ."

"ಕೈ ನಡುಗುತ್ತೆ ಮೇಡಂ, ಬುದ್ಧಿ ನಡುಗಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ದಿನವಿಡೀ ನಿಂತು ಕಾಲು ಸೋತವನು ಮಾತಾಡುವ ಹಾಗಿತ್ತು.

"ಹಾಗಿದ್ರೆ ಒಂಬತ್ತು ದಿನ ಯಾಕೆ ಸುಮ್ಮನಿದ್ರಿ?"

"ಯಾರು ಏನು ಕೇಳಿದ್ರು ನನ್ನ? ಮೀಟರು ಕೆಟ್ಟಿತ್ತು ಅಂತ ನಿಮ್ಮವರು ಹೇಳಿದ್ದು ನಿನ್ನೆ. ಮೂರು ಜನ ನನಗೋಸ್ಕರ ಮೈಮೇಲೆ ಹಾಕ್ಕೊಳ್ತಿದ್ದಾರೆ ಅಂತ ತಿಳಿದಿದ್ದು ಇವತ್ತು ಬೆಳಿಗ್ಗೆ. ಬೇಕರಿಯವನು ಬಂದು ಕೈ ಹಿಡ್ಕೊಂಡು, ಏನೂ ಯೋಚನೆ ಮಾಡಬೇಡಿ ಮಾವ, ನಾವಿದ್ದೀವಿ ಅಂದ. ನಾನು ಏನು ಹೇಳಲಿ? ನಾನು ತಪ್ಪು ಮಾಡಿಲ್ಲ ಕಣೋ ಅಂದ್ರೆ, ಅಯ್ಯೋ ಪಾಪ ಅಂತ ನೋಡ್ತಾನೆ. ಅವರೆಲ್ಲ ನನ್ನನ್ನ ಆಗಲೇ ಕ್ಷಮಿಸಿ ಮುಗಿಸಿದ್ದಾರೆ."

ತನಿಖಾಧಿಕಾರಿ ಮೊದಲ ಸಲ ಆ ಮನುಷ್ಯನ ಮುಖವನ್ನು ಸರಿಯಾಗಿ ನೋಡಿದರು. ಎರಡು ದಿನದಿಂದ ಗಡ್ಡ ಬೋಳಿಸಿರಲಿಲ್ಲ.

"ಡಾಕ್ಟರ ವಿಮಾನದಲ್ಲಿ ಮೊದಲಿದ್ದ ಮೀಟರ್ ಏನಾಗಿತ್ತು?"

"ಏನೂ ಆಗಿರಲಿಲ್ಲ. ಮೂರು ವಾರದ ಹಿಂದೆ ನಾನೇ ಪರೀಕ್ಷೆ ಮಾಡಿ ಸೊನ್ನೆ ಹಾಕಿದ್ದೀನಿ. ಈ ಫೀಲ್ಡಲ್ಲಿ ಅದಕ್ಕಿಂತ ಒಳ್ಳೇದು ಇನ್ನೊಂದಿರಲಿಲ್ಲ."

"ಮತ್ತೆ ಅವರಿಗೆ ಬೀರುವಿನಿಂದ ಇನ್ನೊಂದು ಯಾಕೆ ಬೇಕಾಯ್ತು?"

"ಅದನ್ನೇ ನಾನೂ ಕೇಳ್ಕೊಳ್ತಿದ್ದೀನಿ." ಮಾವ ಮುಚ್ಚಳವನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟರು. "ಯಾರೂ ಯಾರಿಗೂ ಇದನ್ನ ಕೊಟ್ಟಿಲ್ಲ ಮೇಡಂ. ಯಾರೋ ಒಳ್ಳೇದನ್ನ ಬಿಚ್ಚಿ ಕೆಟ್ಟದ್ದನ್ನ ಹಾಕಿದ್ದಾರೆ. ಆ ಒಳ್ಳೇದು ಎಲ್ಲಿ ಅಂತ ನಿನ್ನೆಯಿಂದ ಒಂದೊಂದೇ ವಿಮಾನದೊಳಗೆ ಇಣುಕ್ತಿದ್ದೀನಿ. ಉಳಿದ ಹತ್ತರಲ್ಲೂ ಇಲ್ಲ."

ಹೊರಗೆ ಪಂಪಿನ ಮೋಟಾರು ನಿಂತಿತು.

"ಕೆಳಗಿನ ಡ್ರಾಯರ್‌ನಲ್ಲಿ ಇದು ಇದೆ ಅಂತ ಯಾರಿಗೆ ಗೊತ್ತಿತ್ತು?"

ಮಾವ ಚಿಮಟ ತೆಗೆದುಕೊಂಡರು. ಮುಟ್ಟಲು ಏನೂ ಇಲ್ಲದ್ದರಿಂದ ಅದು ನಡುಗುತ್ತಲೇ ಇತ್ತು.

"ಯಜಮಾನರೇ, ಮೇಷ್ಟ್ರ ಮನೇಲಿ ಮೂವರೂ ಸೇರಿದ್ದು ಹೋದ ಮಂಗಳವಾರ. ಮೀಟರಿಂದಲೇ ಅಪಘಾತ ಆಯ್ತು ಅಂತ ಅವತ್ತೇ ಅವರಿಗೆ ಯಾರೋ ಹೇಳಿದ್ದಾರೆ. ಅದು ಗೊತ್ತಿದ್ದದ್ದು ಒಬ್ಬರಿಗೇ, ಕೆಟ್ಟ ಮೀಟರು ಆ ವಿಮಾನದಲ್ಲಿದೆ ಅಂತ ಮೊದಲೇ ತಿಳಿದವರಿಗೆ. ಡ್ರಾಯರು ನಿಮ್ಮದು. ಈ ಕೋಣೆಗೆ ಬಂದು ಹೋಗೋರು ಎಷ್ಟು ಜನ?"

"ನನ್ನನ್ನೇ ಬರ್ಕೊಳ್ಳಿ" ಎಂದರು ಮಾವ.

"ಅದು ಬೇಡ. ಬೆಳಿಗ್ಗೆಯಿಂದ ಸಾಕಾಗಿದೆ."

"ನನಗೆ ಎಪ್ಪತ್ತೊಂದು. ಇನ್ನೇನಾಗಬೇಕು ನನಗೆ."

"ಅಪ್ಪ, ಬಿಡು."

ಮಗಳು ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಹಳೇ ಟವೆಲಿನ ಗಂಟು. ಒಳಗೆ ಬಂದು ಅದನ್ನು ಬೆಂಚಿನ ಮೇಲೆ ಬಿಚ್ಚಿದಳು. ಗಾಜು ಹೊಳೆಯುವ ಆಲ್ಟಿಮೀಟರ್.

ಮಾವ ಅದನ್ನು ಮುಟ್ಟಲಿಲ್ಲ. ನೋಡಿದ ಕೂಡಲೇ ಗೊತ್ತಾಗಿತ್ತು. ಮಗಳ ಮುಖ ನೋಡಿದರು. ಆಮೇಲೆ ಗೋಡೆ ನೋಡಿದರು.

"ಎಲ್ಲಿತ್ತು?" ತನಿಖಾಧಿಕಾರಿ ಕೇಳಿದರು.

"ಪಂಪ್ ಮನೇಲಿ, ನನ್ನ ಪೆಟ್ಟಿಗೇಲಿ. ಮಂಗಳವಾರ ಮೇಷ್ಟ್ರ ಮನೆಗೆ ಹೋಗಿ ಅತ್ತಿದ್ದೂ ನಾನೇ. ಅಪ್ಪನ ಹೆಸರು ಬರುತ್ತೆ, ಏನಾದ್ರೂ ಮಾಡಿ ಅಂತ ಕೇಳಿದೆ. ಅವರು ನನ್ನ ಹೆಸರು ಹೇಳಲ್ಲ ಮೇಡಂ. ಹೇಳಿದ್ರೆ ಮುಖ ತೋರಿಸೋಕಾಗಲ್ಲ ಅಂದ್ಕೊಳ್ಳೋ ಜನ."

"ಡಾಕ್ಟರ ವಿಮಾನದಿಂದ ಇದನ್ನ ಬಿಚ್ಚಿದ್ದು ನೀವಾ?"

"ಅಲ್ಲ. ಡಾಕ್ಟರೇ."

ತನಿಖಾಧಿಕಾರಿ ಪಕ್ಕದಲ್ಲಿದ್ದ ಇನ್ನೊಂದು ಕುರ್ಚಿಯನ್ನು ಕಾಲಿನಿಂದಲೇ ಅವಳ ಕಡೆ ತಳ್ಳಿದರು.

"ಕೂತ್ಕೊಂಡು ಹೇಳಿ. ಮೊದಲಿಂದ."

ಅವಳು ಕೂತಳು. ಟವೆಲನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡಳು. ಮಾತು ನಿಧಾನವಾಗಿ ಬಂತು, ಎಷ್ಟೋ ಸಲ ಮನಸ್ಸಿನಲ್ಲೇ ಹೇಳಿಕೊಂಡು ಸವೆದ ಮಾತಿನ ಹಾಗೆ.

"ಭಾನುವಾರಕ್ಕೆ ನಾಲ್ಕು ದಿನ ಮುಂಚೆ ಬಂದ್ರು. ಅಪ್ಪ ಮಲಗಿದ್ರು. ಕೆಳಗಿನ ಡ್ರಾಯರಲ್ಲಿ ಇಳಿಯುವಾಗ ಅಂಟೋ ಮೀಟರ್ ಒಂದಿದೆಯಲ್ಲ, ಅದು ಕೊಡು ಅಂದ್ರು. ಹಾಳಾಗಿದೆ ಸಾರ್ ಅಂದೆ. ಗೊತ್ತು, ಅದೇ ಬೇಕು, ಹೊಸಬರಿಗೆ ಪಾಠ ಹೇಳೋಕೆ ಅಂದ್ರು. ಕೊಟ್ಟೆ. ಈ ಫೀಲ್ಡಲ್ಲಿ ಕೇಳಿದವರಿಗೆ ಇಲ್ಲ ಅಂದು ಯಾರಿಗೆ ಗೊತ್ತು? ಅದರಲ್ಲೂ ಅವರಿಗೆ."

"ಆಮೇಲೆ?"

"ಸಂಜೆ ಇಂಧನ ತುಂಬೋಕೆ ಹೋದಾಗ ಅವರು ಒಳ್ಳೇ ಮೀಟರನ್ನ ಬಿಚ್ಚಿ ಇಟ್ಟಿದ್ರು. ಕೆಟ್ಟದ್ದನ್ನ ಅದರ ಜಾಗದಲ್ಲಿ ಕೂರಿಸ್ತಿದ್ರು. ನನ್ನ ನೋಡಿ ನಕ್ಕರು. ಇದನ್ನ ಒಂದು ವಾರ ಎತ್ತಿಟ್ಟಿರು, ಯಾರಿಗೂ ಹೇಳಬೇಡ, ಹೇಗಿದ್ರೂ ನಾನೊಬ್ಬನೇ ತಾನೇ ಹಾರಿಸೋದು ಅಂದ್ರು."

"ನಂಬಿದ್ರಿ."

"ಅವರನ್ನ ನಂಬದೇ ಇರೋದು ಹೇಗೆ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ ಮೇಡಂ. ನಮ್ಮಮ್ಮ ಆಸ್ಪತ್ರೇಲಿದ್ದಾಗ ಎರಡು ತಿಂಗಳು ದಿನಾ ಅವರ ಮನೆಯಿಂದಲೇ ಊಟ ಬರ್ತಿತ್ತು."

ಮಾವ ಗೋಡೆಯ ಕಡೆಯಿಂದ ಕಣ್ಣು ತೆಗೆಯದೆ ಕೂತಿದ್ದರು.

ತನಿಖಾಧಿಕಾರಿ ಯೋಚಿಸಿದರು. ಕೆಟ್ಟಿದೆ ಎಂದು ತಿಳಿದೇ ಹಾಕಿಕೊಂಡ ಮನುಷ್ಯ. ಇಳಿಯುವಾಗ ನಾನೂರು ಅಡಿ ಕಳೆದು ಲೆಕ್ಕ ಹಾಕಿದ್ದರೆ ಗುಡ್ಡದ ಮೇಲೆ ಆರಾಮವಾಗಿ ದಾಟಿ ಬರುತ್ತಿದ್ದ. ಅದು ಗೊತ್ತಿದ್ದೂ ಗುಡ್ಡಕ್ಕೆ ಹೊಡೆದಿದ್ದು ಯಾಕೆ?

"ಡಾಕ್ಟರಿಗೆ ಏನಾದ್ರೂ ಬೇಜಾರಿತ್ತಾ? ಮನೇಲಿ, ಮೈಯಲ್ಲಿ?"

"ಸಾಯೋಕೆ ಹಾಕ್ಕೊಂಡಿದ್ದಲ್ಲ ಅದು." ಅವಳು ಟವೆಲಿನ ಮಡಿಕೆ ಬಿಚ್ಚಿ ಮತ್ತೆ ಮಡಿಚಿದಳು. "ಅಪಘಾತಕ್ಕೆ ಎರಡು ದಿನ ಮುಂಚೆ, ಶುಕ್ರವಾರ, ನನಗೆ ಗೊತ್ತಾಯ್ತು. ಆ ಭಾನುವಾರ ವಿಮಾನ ಹಾರಿಸಬೇಕಾಗಿದ್ದದ್ದು ಡಾಕ್ಟರಲ್ಲ, ವಕೀಲಮ್ಮ. ಅವರ ವಿಮಾನದ ಇಂಜಿನ್ ರಿಪೇರಿಗೆ ಬಿಚ್ಚಿದ್ರು. ಬೇರೆ ಊರಲ್ಲಿರೋ ತಮ್ಮ ಅಮ್ಮನಿಗೆ ಔಷಧಿ ಕೊಟ್ಟು ನೋಡ್ಕೊಂಡು ಬರಬೇಕು ಅಂದಿದ್ರು. ನನ್ನದು ತಗೊಂಡು ಹೋಗಿ ಅಂತ ಡಾಕ್ಟರೇ ಕೀಲಿ ಕೊಟ್ಟಿದ್ರು."

ತನಿಖಾಧಿಕಾರಿ ಪೆನ್ನಿನ ಮುಚ್ಚಳ ತೆಗೆದಿದ್ದರು. ಬರೆಯಲಿಲ್ಲ.

"ವಕೀಲಮ್ಮನಿಗೆ ಹೇಳಿದ್ರಾ?"

"ಹೇಳಿದೆ. ಶನಿವಾರ ಬೆಳಿಗ್ಗೆ ಅವರ ಆಫೀಸಿಗೇ ಹೋದೆ. ಅಕ್ಕ, ಅದರಲ್ಲಿ ಕೆಟ್ಟ ಮೀಟರಿದೆ, ಡಾಕ್ಟರು ಮರೆತಿರಬಹುದು, ನೀವು ಹೋಗಬೇಡಿ ಅಂದೆ. ಅವರು ಏನೂ ಗಾಬರಿ ಆಗಲಿಲ್ಲ. ಕೂರಿಸಿ ಟೀ ಕೊಟ್ರು. ಯಾವ ಮೀಟರು, ಏನಾಗುತ್ತೆ ಅಂತ ಎರಡೆರಡು ಸಲ ಕೇಳಿ ತಿಳ್ಕೊಂಡ್ರು. ಸಂಜೆ ಅವರೇ ಫೋನ್ ಮಾಡಿದ್ರು."

"ಏನಂದ್ರು?"

"ನಾನು ಹೊರಗಿನ ಮೆಕ್ಯಾನಿಕ್ ಕರ್ಕೊಂಡು ಬಂದು ಬೇರೆ ಒಳ್ಳೇ ಮೀಟರ್ ಹಾಕಿಸಿದ್ದೀನಿ, ನೋಡೋಕೆ ಮೊದಲಿನ ಥರಾನೇ ಇದೆ, ಇನ್ನು ಭಯ ಇಲ್ಲ. ಆದ್ರೆ ನಾಳೆ ನನಗೆ ಹೋಗೋಕಾಗ್ತಿಲ್ಲ. ನನ್ನ ಬದಲು ಔಷಧಿ ತಲುಪಿಸಿ ಬರೋಕೆ ಡಾಕ್ಟರಿಗೆ ಹೇಳು, ಮೀಟರ್ ಸರಿಹೋಗಿದೆ ಅಂತಲೂ ಮರೀದೆ ಹೇಳು. ಇಷ್ಟು ಅಂದ್ರು."

ಮಾವ ಬೆಂಚಿನ ಮೇಲಿದ್ದ ಒಡೆದ ಆಲ್ಟಿಮೀಟರನ್ನು ನೋಡಿದರು. ಅಡ್ಡಗೀಟಿನ ಮುಚ್ಚಳ ಅದರ ಪಕ್ಕದಲ್ಲೇ ಇತ್ತು. ಯಾರೂ ಏನನ್ನೂ ಬದಲಾಯಿಸಿರಲಿಲ್ಲ.

"ಮತ್ತೆ ನೀವು ಡಾಕ್ಟರಿಗೆ ಹೇಳಿದ್ರಿ" ಎಂದರು ತನಿಖಾಧಿಕಾರಿ. ದನಿ ತಗ್ಗಿತ್ತು.

"ಹೇಳಿದೆ. ಭಾನುವಾರ ಬೆಳಿಗ್ಗೆ, ರನ್‌ವೇ ಪಕ್ಕದಲ್ಲಿ. ಒಂದಕ್ಷರ ಬಿಡದೆ ಹೇಳಿದೆ."

"ಅವರೇನಂದ್ರು?"

ಅವಳು ಅಪ್ಪನ ಕಡೆ ನೋಡಿದಳು. ಆಮೇಲೆ ತನಿಖಾಧಿಕಾರಿಯ ಕಡೆ.

"ಮುಖದಲ್ಲಿ ರಕ್ತ ಇರಲಿಲ್ಲ ಮೇಡಂ. ಆಮೇಲೆ ಮೆಲ್ಲಗೆ ಕೇಳಿದ್ರು, 'ಹಾಗಾದ್ರೆ ಅವಳಿಗೆ ಎಲ್ಲಾ ಗೊತ್ತಾಯ್ತಾ?' ಅಂತ."